ಅವ್ವನ ಸೀರೆಯ ಕೌದಿ: ಕೈಲೆ ಹೊಲಿಯಬೇಕೋ, ಮಿಷನ್ ಮೇಲೆ ಹಾಕಬೇಕೋ?

ಜೋಳದ ರಾಶಿ ಮುಗಿದು ಬಿಸಿಲು ಏರುತ್ತಿದ್ದ ಹಾಗೆ ನಮ್ಮ ಕಡೆ ಕೌದಿಯ ಮಾತು ಶುರುವಾಗುತ್ತದೆ. ಹೊಲದಲ್ಲಿ ಕೆಲಸ ಇರುವುದಿಲ್ಲ. ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಟ್ರಂಕಿನಲ್ಲಿ ಹಳೆಯ ಸೀರೆಗಳು ಸೇರಿರುತ್ತವೆ. ಈ ಸಲ ಮೊದಲು ಫೋನ್ ಮಾಡಿದವಳು ಮೈಂದರ್ಗಿಯ ನಮ್ಮ ತಂಗಿ ಮಗಳು. “ದೊಡ್ಡವ್ವಾ, ಅವ್ವನ ಸೀರಿ ಆರು ಅದಾವ. ಕೈಲೆ ಹೊಲೀಲೇನು, ಮಿಷನ್ ಮ್ಯಾಲೆ ಹಾಕಿಬಿಡಲೇನು?”

ಇದೇ ಪ್ರಶ್ನೆಯನ್ನು ಅಕ್ಕಲಕೋಟೆಯವರು ಕೇಳಿದ್ದಾರೆ, ಜತ್ತ ತಾಲ್ಲೂಕಿನ ಉಮದಿ, ಸಂಖದ ಕಡೆಯವರೂ ಕೇಳಿದ್ದಾರೆ. ಪುಣೆಗೆ ಕೆಲಸಕ್ಕೆ ಹೋದ ಹುಡುಗಿಯರಂತೂ ಜಾಸ್ತಿ ಕೇಳುತ್ತಾರೆ. ಅವರ ಮರಾಠಿ ಗೆಳತಿಯರು ಇದನ್ನು ಗೋಧಡಿ ಅನ್ನುತ್ತಾರೆ. ಸಾಂಗಲಿ, ಕೊಲ್ಹಾಪುರದ ಕಡೆ ವಾಕಳ. ಹೆಸರು ಬೇರೆಯಾದರೂ ಕೆಲಸ ಒಂದೇ. ಹಳೆಯ ಬಟ್ಟೆಯನ್ನು ಪದರ ಪದರವಾಗಿ ಹಾಸಬೇಕು, ಮೇಲೆ ತುಂಡುಗಳನ್ನು ಜೋಡಿಸಬೇಕು, ಎಲ್ಲವೂ ಸೇರಿ ಒಂದೇ ಬಟ್ಟೆ ಆಗುವ ಹಾಗೆ ಹೊಲಿಯಬೇಕು.

ನಾನು ಇರುವುದು ಸೊಲ್ಲಾಪುರದಲ್ಲಿ. ಮನೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಮಿಷನ್ ಇದೆ, ಅದಕ್ಕೆ ಮೋಟರ್ ಕೂಡ ಹಾಕಿಸಿದ್ದೇನೆ. ಬ್ಲೌಸು, ದಿಂಬಿನ ಚೀಲ, ಪರದೆ ಎಲ್ಲ ಅದರ ಮೇಲೆಯೇ. ಕೌದಿಯನ್ನು ಮಾತ್ರ ಕೈಯಲ್ಲಿ ಹೊಲಿಯುತ್ತೇನೆ. ಎರಡೂ ಮಾಡಿ ನೋಡಿದ ಮೇಲೆ ಕೈ ಕಡೆ ವಾಲಿದವಳು ನಾನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಂತ ಮಿಷನ್ನೇ ಸರಿ ಅನ್ನುವ ಸಂದರ್ಭಗಳು ಇಲ್ಲದಿಲ್ಲ. ಅವನ್ನೂ ಹೇಳುತ್ತೇನೆ.

ಮೊದಲು ಬಟ್ಟೆ ನೋಡಿ

ಸಮಯ ಇದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನೇಯ್ಗೆ ಎಲ್ಲ ಕಡೆ ಒಂದೇ ಸಮ ಇದೆಯಾ, ಇಲ್ಲಾ ಕೂತು ಎದ್ದು ಸವೆದ ಜಾಗದಲ್ಲಿ ಬೆಳಕು ತೂರಿ ಬರುತ್ತದೆಯಾ? ಆಮೇಲೆ ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮೆಲ್ಲಗೆ ಜಗ್ಗಿ. ಚರ್ ಅಂತ ಸಣ್ಣ ಸದ್ದು ಬಂದರೆ ಆ ಬಟ್ಟೆ ಮಿಷನ್ನಿಗೆ ಅಲ್ಲ.

ಇದನ್ನು ನಾನು ಕಲಿತದ್ದು ಒಂದು ಸೀರೆ ಕಳೆದುಕೊಂಡು. ನಮ್ಮ ಆಯಿ, ಅಂದರೆ ಅವ್ವನ ಅವ್ವ, ಉಟ್ಟು ಉಟ್ಟು ಮೆತ್ತಗೆ ಮಾಡಿದ ಇಳಕಲ್ ಸೀರೆ ಇತ್ತು. ಕಪ್ಪು ಕೆಂಪು ಸೇರಿದ ಬಣ್ಣದ ಒಡಲು, ಕೆಂಪು ಸೆರಗು. ಆಯಿ ತೀರಿಕೊಂಡ ವರ್ಷ ಅದನ್ನು ಮೇಲ್ಪದರ ಮಾಡಿ, ಒಳಗೆ ಎರಡು ಧೋತರ ಇಟ್ಟು, ಹೊಲಿಗೆ ಅಂಗಡಿಯೊಂದಕ್ಕೆ ಕೊಟ್ಟೆ. ಎರಡೇ ದಿನದಲ್ಲಿ ಹೊಲಿದು ಕೊಟ್ಟರು. ಗೆರೆ ಎಳೆದ ಹಾಗೆ ನೇರ ಹೊಲಿಗೆ, ನೋಡಲು ಚೆಂದ ಇತ್ತು. ಮೂರನೇ ಸಲ ಒಗೆದು ಹಿಂಡುವಾಗ ಹೊಲಿಗೆಯ ಗೆರೆಗುಂಟ ಸೀರೆ ಬಿಟ್ಟುಕೊಂಡಿತು. ದಾರ ಹರಿದಿರಲಿಲ್ಲ. ದಾರದ ಪಕ್ಕದ ಬಟ್ಟೆ ಹರಿದಿತ್ತು, ಅಂಚೆ ಚೀಟಿಯನ್ನು ಹಾಳೆಯಿಂದ ಬಿಡಿಸಿದ ಹಾಗೆ. ಹೊಲಿದವರ ತಪ್ಪು ಏನೂ ಇಲ್ಲ. ಸವೆದ ಬಟ್ಟೆಗೆ ಅಂಗುಲಕ್ಕೆ ಎಂಟು ಹತ್ತು ತೂತು ಸಾಲಾಗಿ ಬಿದ್ದರೆ ಅದು ಎಲ್ಲಿಂದ ತಡೆದೀತು? ಅದರ ಒಂದು ಗೇಣು ಅಂಚು ಮಾತ್ರ ಈಗ ನನ್ನ ಹತ್ತಿರ ಇದೆ.

ಕೈಸೂಜಿಯ ಟಾಕಾ, ಅಂದರೆ ಒಂದೊಂದು ಹೊಲಿಗೆ, ದೂರ ದೂರ ಬೀಳುತ್ತದೆ, ತೂತು ಕಡಿಮೆ. ಇನ್ನೊಂದು ಮಾತು, ಕೈಗೆ ತಿಳಿಯುತ್ತದೆ. ಸವೆದ ಜಾಗ ಬಂದಾಗ ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಆಗ ನಿಲ್ಲಿಸಿ ಅಲ್ಲಿ ಒಂದು ತುಂಡು ತೇಪೆ ಹಾಕಿ ಮುಂದೆ ಹೋಗಬಹುದು. ಮಿಷನ್ನಿನ ಮೇಲೆ ಅದು ಗೊತ್ತಾಗುವಷ್ಟರಲ್ಲಿ ಒಂದು ಮೊಳ ಮುಂದೆ ಹೋಗಿರುತ್ತೀರಿ.

ಹೊಸ ಬಟ್ಟೆಗೆ ಈ ಮಾತು ಅನ್ವಯಿಸುವುದಿಲ್ಲ. ಸೊಲ್ಲಾಪುರದಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುವ ಘಟಕಗಳು ಸಾಕಷ್ಟಿವೆ, ಅಲ್ಲಿ ಉಳಿದ ಕಟ್‌ಪೀಸ್ ಸುಲಭಕ್ಕೆ ಸಿಗುತ್ತವೆ. ಬಹುಪಾಲು ಟೆರಿಕಾಟ್. ನೇಯ್ಗೆ ಬಿಗಿ, ಪಾಲಿಯೆಸ್ಟರ್ ಬೆರೆತಿರುತ್ತದೆ. ಮೂರು ಪದರ ಟೆರಿಕಾಟಿನಲ್ಲಿ ಕೈಸೂಜಿ ತೂರಿಸಿ ನೋಡಿ, ಅರ್ಧ ತಾಸಿಗೆ ಬೆರಳು ನೋಯುತ್ತದೆ. ಅಂಥ ಬಟ್ಟೆಯನ್ನು ಕಣ್ಣು ಮುಚ್ಚಿ ಮಿಷನ್ನಿಗೆ ಕೊಡಿ. ಜೀನ್ಸ್ ಪ್ಯಾಂಟಿನ ತುಂಡುಗಳಿಗೂ ಅದೇ ಮಾತು.

ಸೀರೆ ಎಷ್ಟು ಬೇಕು ಅನ್ನುವ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಾಮಾನ್ಯ ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 1.1 ಮೀಟರ್ ಅಗಲ. ಒಬ್ಬರು ಹೊದೆಯುವ ಕೌದಿಗೆ ಎರಡು ಮೀಟರ್ ಉದ್ದ ಸಾಕು. ಅಂದರೆ ಒಂದು ಸೀರೆಯಲ್ಲಿ ಎರಡು ಪದರ, ಜೊತೆಗೆ ಒಂದೂವರೆ ಮೀಟರ್ ತುಂಡುಗಳಿಗೆ ಉಳಿಯುತ್ತದೆ. ಒಂಬತ್ತು ಗಜದ ಸೀರೆಯಾದರೆ ನಾಲ್ಕು ಪದರ ಬರುತ್ತದೆ. ನಮ್ಮ ಊರಿನ ಚಳಿಗೆ ನಾಲ್ಕು ಪದರ ಧಾರಾಳ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿ ಮಲಗಲು ಮೂರೇ ಸಾಕು.

ಇಳಕಲ್ ಸೀರೆ ಇದ್ದರೆ ಒಂದು ಎಚ್ಚರ. ಅದರ ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ). ಎರಡರ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸಿರುತ್ತಾರೆ, ನೇಕಾರರು ಅದಕ್ಕೆ ಟೋಪ್ ತೆನಿ ಅನ್ನುತ್ತಾರೆ. ನೀರು ಬಿದ್ದಾಗ ಒಡಲು ಮತ್ತು ಸೆರಗು ಒಂದೇ ಥರ ಕುಗ್ಗುವುದಿಲ್ಲ. ಕೂಡಿದ ಕಡೆ ಕತ್ತರಿಸಿ ಸೆರಗನ್ನು ಬೇರೆ ಇಡಿ. ಕೆಂಪು ಸೆರಗನ್ನು ನೀರಿನಲ್ಲಿ ನೆನೆಸಿ, ಬಣ್ಣ ಬಿಡುವುದು ನಿಲ್ಲುವ ತನಕ ನೀರು ಬದಲಿಸುತ್ತಾ ಇರಿ. ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಬಿಳಿ ಧೋತರದ ತುಂಡುಗಳೆಲ್ಲ ಗುಲಾಬಿ ಆಗುತ್ತವೆ.

ಎಷ್ಟು ತಾಸು ಹಿಡಿಯುತ್ತದೆ?

ಎರಡು ಮೀಟರ್ ಉದ್ದ, 1.1 ಮೀಟರ್ ಅಗಲದ ಕೌದಿಗೆ ಎರಡು ಸೆಂಟಿಮೀಟರಿಗೆ ಒಂದರಂತೆ ಸಾಲು ಹಾಕಿದರೆ ಒಟ್ಟು ಸುಮಾರು 110 ಮೀಟರ್ ಹೊಲಿಗೆ ಆಗುತ್ತದೆ. ನಾನು ಕೈಯಲ್ಲಿ ತಾಸಿಗೆ ನಾಲ್ಕೈದು ಮೀಟರ್ ಹೊಲಿಯುತ್ತೇನೆ. ಅಲ್ಲಿಗೆ ಇಪ್ಪತ್ತೈದು ತಾಸು. ದಿನಕ್ಕೆ ಎರಡು ತಾಸು ಕೂತರೆ ಎರಡು ವಾರ. ಹೊಸಬರಿಗೆ ಒಂದು ತಿಂಗಳು ಅಂದುಕೊಳ್ಳಿ.

ಇದು ಬರೀ ಪದರ ಹೊಲಿಯುವ ಲೆಕ್ಕ. ಮೇಲ್ಪದರವನ್ನು ನಾಲ್ಕು ಅಂಗುಲದ ಚೌಕಗಳಿಂದ ಜೋಡಿಸುವುದಾದರೆ ಇನ್ನೂರಕ್ಕಿಂತ ಜಾಸ್ತಿ ಚೌಕ ಬೇಕು, ಅವುಗಳ ನಡುವೆ ನಲವತ್ತು ಮೀಟರಿನಷ್ಟು ಹೊಲಿಗೆ. ಇದು ಸಣ್ಣ ಟಾಕಾದ ಕೆಲಸ, ನಿಧಾನ. ಇನ್ನೂ ಇಪ್ಪತ್ತು ತಾಸು ಸೇರಿಸಿ.

ಮಿಷನ್ನಿನ ಮೇಲೆ ಜೋಡಿಸುವುದು ಎರಡು ಸಂಜೆಯ ಕೆಲಸ, ಪದರ ಹೊಲಿಯುವುದು ಒಂದು ದಿನದ್ದು. ಮುಂದಿನ ವಾರ ಕುಬಸ (ಸೀಮಂತ) ಇದೆ, ಉಡುಗೊರೆ ಕೊಡಲೇಬೇಕು ಅಂದರೆ ಯೋಚನೆ ಮಾಡುತ್ತಾ ಕೂರಬೇಡಿ, ಮಿಷನ್ನಿಗೆ ಹೋಗಿ.

ದಾರದ ಖರ್ಚು ಮಾತ್ರ ತಿರುಗುಮುರುಗು. ಮಿಷನ್ ಎರಡು ದಾರದಲ್ಲಿ ಹೊಲಿಯುತ್ತದೆ, ಒಂದು ಮೇಲಿಂದ, ಇನ್ನೊಂದು ಕೆಳಗೆ ಬಾಬಿನ್ನಿನಿಂದ. ಎರಡೂ ಬಟ್ಟೆಯ ನಡುವೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಅಮೆರಿಕದ ಎಲಿಯಾಸ್ ಹೋವ್‌ಗೆ 1846ರಲ್ಲಿ ಪೇಟೆಂಟ್ ಸಿಕ್ಕಿದ್ದು ಈ ಎರಡು ದಾರದ ಹೊಲಿಗೆಗೇ. ನಮ್ಮ ಮನೆಯ ಮಿಷನ್ನುಗಳು ಇವತ್ತಿಗೂ ಅದೇ ದಾರಿಯಲ್ಲಿ ನಡೆಯುತ್ತವೆ. ಆದ್ದರಿಂದ ದಪ್ಪ ಬಟ್ಟೆಗೆ ಹೊಲಿಗೆಯ ಉದ್ದದ ಎರಡೂವರೆ, ಮೂರು ಪಟ್ಟು ದಾರ ಬೇಕು. ಕೈಹೊಲಿಗೆಗೆ ಒಂದೇ ದಾರ, 110 ಮೀಟರಿಗೆ ನೂರಾ ಮೂವತ್ತು ಮೀಟರ್ ಇದ್ದರೆ ಆಯಿತು.

ಮಿಷನ್ ಎಲ್ಲಿ ತಕರಾರು ಮಾಡುತ್ತದೆ

ಬ್ಲೌಸ್ ಚೆನ್ನಾಗಿ ಹೊಲಿಯುವ ಮಿಷನ್ ಕೌದಿಯ ಮೇಲೆ ಯಾಕೆ ನೆರಿಗೆ ತರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಕಾರಣ ಸರಳ. ಕೆಳಗಿನ ಹಲ್ಲು ತಳದ ಬಟ್ಟೆಯನ್ನು ಹಿಂದಕ್ಕೆ ಎಳೆದೊಯ್ಯುತ್ತದೆ. ಮೇಲಿನ ಫುಟ್ ಮೇಲಿನ ಬಟ್ಟೆಯನ್ನು ಬರೀ ಒತ್ತಿ ಹಿಡಿದಿರುತ್ತದೆ. ಎರಡು ಪದರ ಇದ್ದಾಗ ವ್ಯತ್ಯಾಸ ಕಾಣುವುದಿಲ್ಲ. ನಾಲ್ಕು ಪದರ ಆದಾಗ ತಳದ್ದು ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಸಾಲು ಮುಗಿಯುವಷ್ಟರಲ್ಲಿ ಮೇಲ್ಪದರ ಎರಡು ಬೆರಳು ಉಬ್ಬಿ ಕೂತಿರುತ್ತದೆ.

ಇದಕ್ಕೆ ವಾಕಿಂಗ್ ಫುಟ್ ಅನ್ನುವ ಬೇರೆ ಫುಟ್ ಸಿಗುತ್ತದೆ. ಅದು ಮೇಲಿನ ಬಟ್ಟೆಯನ್ನೂ ಹಲ್ಲಿನ ಜೊತೆಗೇ ನಡೆಸುತ್ತದೆ. ಕೊಳ್ಳುವ ಮೊದಲು ನಿಮ್ಮ ಮಿಷನ್ನಿಗೆ ಕೂಡುತ್ತದೆಯಾ ಅಂತ ಅಂಗಡಿಯಲ್ಲಿ ಹಾಕಿಸಿ ನೋಡಿ. 16 ನಂಬರಿನ ಸೂಜಿ, ಮೂರು ಮಿಲಿಮೀಟರಿನ ಟಾಕಾ, ಫುಟ್ಟಿನ ಒತ್ತಡ ಸ್ವಲ್ಪ ಸಡಿಲ. ಮುಖ್ಯವಾಗಿ ಪದರಗಳಿಗೆ ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚುವ ಉದ್ದ ಹೊಲಿಗೆ, ಹಾಕಿಕೊಂಡೇ ಕೂರಿ. ಸಾಲುಗಳನ್ನು ಎಲ್ಲಾ ಒಂದೇ ದಿಕ್ಕಿನಿಂದ ಹೊಲಿಯಬೇಡಿ, ಕೌದಿ ಒಂದು ಕಡೆಗೆ ವಾರೆ ಆಗುತ್ತದೆ. ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಹೋಗಿ.

ಇನ್ನೊಂದು ಕಷ್ಟ ಭಾರ. ಮಿಷನ್ನಿನ ತೋಳಿನ ಕೆಳಗೆ ಇರುವ ಜಾಗ ಒಂದು ಗೇಣಿಗಿಂತ ಹೆಚ್ಚಿಲ್ಲ. ಅರ್ಧ ಕೌದಿಯನ್ನು ಸುರುಳಿ ಸುತ್ತಿ ಅದರೊಳಗೆ ತುರುಕಬೇಕು, ಉಳಿದರ್ಧವನ್ನು ಹೆಗಲ ಮೇಲೆ ಹೊತ್ತುಕೊಳ್ಳಬೇಕು. ಏಪ್ರಿಲ್‌ನ ಸೊಲ್ಲಾಪುರದಲ್ಲಿ!

ಕೈಯಲ್ಲಿ ಹೊಲಿಯುವುದರಲ್ಲಿ ಇರುವ ಸುಖ

ಈ ಭಾಗ ಉದ್ದ ಆಗುತ್ತದೆ, ಯಾಕೆಂದರೆ ನನಗೆ ಇದೇ ಮುಖ್ಯ.

ಸೂಜಿಯನ್ನು ಬಟ್ಟೆಯಲ್ಲಿ ತೂರಿಸಿ ಹೊರಗೆ ಎಳೆಯುವುದಿಲ್ಲ. ತುದಿ ಹೊರಗೆ ಬಂತು ಅನ್ನುವಾಗ ಮತ್ತೆ ಒಳಗೆ, ಮತ್ತೆ ಹೊರಗೆ. ಎಡಗೈ ಬಟ್ಟೆಯ ಕೆಳಗೆ ಇರುತ್ತದೆ, ಅದರ ತೋರುಬೆರಳು ಸೂಜಿಯ ತುದಿಗೆ ಕಾದಿರುತ್ತದೆ. ತುದಿ ಚರ್ಮಕ್ಕೆ ಇನ್ನೇನು ತಾಗಿತು ಅನ್ನುವಾಗ ಬೆರಳು ಬಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ, ಸೂಜಿ ಮೇಲೆ ಬರುತ್ತದೆ. ಹೀಗೆ ಐದಾರು ಟಾಕಾ ಸೂಜಿಯ ಮೇಲೆ ಸಾಲಾಗಿ ಏರುತ್ತವೆ, ಬಟ್ಟೆ ಸಣ್ಣ ಸಣ್ಣ ನೆರಿಗೆಯಾಗಿ ಸೂಜಿಗೆ ತುಂಬಿಕೊಳ್ಳುತ್ತದೆ. ಆಮೇಲೆ ನಡುಬೆರಳಿಗೆ ಟೋಪಿಯ ಹಾಗೆ ಹಾಕಿದ ಅಂಗುಸ್ತಾನದಿಂದ ಹಿಂದಿನಿಂದ ತಳ್ಳಿ ಒಮ್ಮೆ ಎಳೆದರೆ ದಾರ ಸುಯ್ ಅಂತ ಬರುತ್ತದೆ. ಹೆಬ್ಬೆರಳಿನಿಂದ ಹೊಲಿಗೆಯನ್ನು ಸವರಿ ನೆರಿಗೆ ಬಿಡಿಸುತ್ತೀರಿ. ಮೊದಲ ವಾರ ಪ್ರತಿ ಟಾಕಾ ನೋಡಿ ನೋಡಿ ಹಾಕುತ್ತೀರಿ. ಒಂದು ದಿನ ಮಾತಾಡುತ್ತಾ ಮಾತಾಡುತ್ತಾ ಒಂದು ಸಾಲು ಮುಗಿದದ್ದೇ ಗೊತ್ತಾಗಿರುವುದಿಲ್ಲ.

ಸದ್ದಿಲ್ಲ. ಇದು ಚಿಕ್ಕ ಮಾತು ಅನ್ನಿಸಬಹುದು. ಆದರೆ ಮಿಷನ್ ಓಡುವಾಗ ಪಕ್ಕದವರು ಹೇಳಿದ್ದು ಕೇಳುವುದಿಲ್ಲ. ಕೌದಿ ಹಾಸಿ ಕೂತರೆ ನಾಲ್ಕು ಕಡೆ ನಾಲ್ಕು ಜನ ಕೂರಬಹುದು. ಅವ್ವ ಇದ್ದಾಗ ಪಡಸಾಲೆಯಲ್ಲಿ ಹಾಗೇ ಕೂರುತ್ತಿದ್ದರು. ಒಂದು ಮಗ್ಗುಲಲ್ಲಿ ಅವ್ವ, ಇನ್ನೊಂದು ಮಗ್ಗುಲಲ್ಲಿ ಚಿಕ್ಕವ್ವ, ಎದುರಿಗೆ ಪಕ್ಕದ ಮನೆಯ ಮರಾಠಿ ಮಾಂಶಿ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಯಾರ ಮಗಳಿಗೆ ಎಲ್ಲಿ ನಂಟು ಕೂಡಿತು, ಯಾರ ಬಾವಿಗೆ ನೀರು ಬಂತು, ಎಲ್ಲ ಆ ಕೌದಿಯ ಸುತ್ತ. ಮಾಂಶಿಯ ಟಾಕಾ ಉದ್ದ, ಅವ್ವನದು ಜೋಳದ ಕಾಳಿನಷ್ಟು. ಇವತ್ತಿಗೂ ಆ ಕೌದಿ ಬಿಚ್ಚಿದರೆ ಯಾವ ಬದಿಯನ್ನು ಯಾರು ಹೊಲಿದರು ಅಂತ ನಾನು ಬೆರಳಿಟ್ಟು ಹೇಳಬಲ್ಲೆ.

ಕೆಲಸ ಜೊತೆಗೆ ಬರುತ್ತದೆ ಅನ್ನುವುದು ಇನ್ನೊಂದು. ಕತ್ತರಿಸಿದ ಇಪ್ಪತ್ತು ಚೌಕ, ಒಂದು ಸೂಜಿ, ಒಂದು ಉಂಡೆ ದಾರ, ಎಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ ಹಿಡಿಯುತ್ತವೆ. ಎಸ್‌ಟಿ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ, ದವಾಖಾನೆಯಲ್ಲಿ ನಂಬರ್ ಬರುವ ತನಕ ನಾಲ್ಕೈದು ಚೌಕ ಜೋಡಿಸಬಹುದು. ಕಳೆದ ವರ್ಷ ಯಜಮಾನರ ಕಣ್ಣಿನ ಆಪರೇಷನ್ ಆದಾಗ ಮೂರು ದಿನ ದವಾಖಾನೆಯ ಬೆಂಚಿನ ಮೇಲೆ ಕೂತು ಹೊಲಿದ ಸಾಲು ಒಂದಿದೆ. ಆ ಚಿಂತೆಯ ಹೊತ್ತಿನಲ್ಲಿ ಕೈಗೆ ಕೆಲಸ ಇದ್ದದ್ದು ನನಗೆ ಎಷ್ಟು ಆಸರೆ ಆಯಿತು ಅಂತ ನನಗೇ ಗೊತ್ತು.

ತುಂಡುಗಳನ್ನು ಆರಿಸುವ ಸುಖವೂ ಕೈಹೊಲಿಗೆಯಲ್ಲಿ ಹೆಚ್ಚು. ಮಿಷನ್ನಿಗೆ ಎಲ್ಲವನ್ನೂ ಮೊದಲೇ ಕತ್ತರಿಸಿ, ಸಾಲು ಹಚ್ಚಿ, ಒಂದರ ಹಿಂದೆ ಒಂದು ದಾರ ಕಡಿಯದೆ ಓಡಿಸುವುದೇ ಸುಲಭದ ದಾರಿ. ಕೈಯಲ್ಲಿ ಒಂದು ಚೌಕ ಮುಗಿದ ಮೇಲೆ ಮುಂದಿನದು ಯಾವುದು ಅಂತ ನೋಡಲು ಪುರುಸೊತ್ತು ಇರುತ್ತದೆ. ಮಗನ ಶಾಲೆಯ ಅಂಗಿಯ ನೀಲಿ ಪಟ್ಟೆಯ ಪಕ್ಕ ಅವನ ಅಜ್ಜನ ಧೋತರದ ಕರಿ ಅಂಚು ಇಡಲೋ, ಗುಳೇದಗುಡ್ಡದ ಖಣದ ತುಂಡು ಇಡಲೋ? ಇಟ್ಟು ನೋಡುತ್ತೀರಿ, ತೆಗೆಯುತ್ತೀರಿ. ತಪ್ಪು ಅನ್ನಿಸಿದರೆ ಬಿಚ್ಚುವುದೂ ಸುಲಭ. ಒಂದು ಕಡೆ ದಾರ ಕಡಿದು ಎಳೆದರೆ ಪೂರಾ ಸಾಲು ಬಂದುಬಿಡುತ್ತದೆ. ಮಿಷನ್ ಹೊಲಿಗೆ ಬಿಚ್ಚುವಾಗ ಹಳೆಯ ಬಟ್ಟೆ ಹರಿಯದೆ ಉಳಿದರೆ ಪುಣ್ಯ.

ಜೋಡಿಸುವ ಮೂರು ರೀತಿ

ಚೌಕಗಳನ್ನು ಮೊದಲು ಜೋಡಿಸಿ ಆಮೇಲೆ ಪದರದ ಮೇಲೆ ಹಾಕುವುದು ಒಂದು ರೀತಿ. ಕೈಯಲ್ಲಿ ಮಾಡುವುದಾದರೆ ಪ್ರತಿ ಚೌಕದ ಹಿಂದೆ ಅಂಚಿನಿಂದ ಕಾಲು ಅಂಗುಲ ಒಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗೆರೆಯ ಮೂಲೆಯಿಂದ ಮೂಲೆಗೆ ಮಾತ್ರ ಹೊಲಿಯಿರಿ, ಅಂಚಿನ ತನಕ ಬೇಡ. ನಾಲ್ಕು ಚೌಕ ಕೂಡುವ ಜಾಗದಲ್ಲಿ ಮಡಿಕೆಯನ್ನು, ಅಂದರೆ ಗೆರೆಯ ಆಚೆ ಉಳಿದ ಕಾಲು ಅಂಗುಲದ ಅಂಚನ್ನು, ಹೊಲಿದುಬಿಡದೆ, ಅದರ ಬುಡದಲ್ಲಿ ಸೂಜಿ ತೂರಿಸಿ ಆಚೆ ದಾಟಿ. ಮಡಿಕೆಗಳು ಬಿಡಿಯಾಗಿ ಉಳಿಯುತ್ತವೆ. ಆಮೇಲೆ ಅವನ್ನು ಗಿರಗಿಟ್ಟಲೆಯ ಹಾಗೆ ಒಂದೊಂದನ್ನು ಒಂದೊಂದು ಕಡೆಗೆ ಮಲಗಿಸಿದರೆ ಕೂಡಿದ ಜಾಗ ಚಪ್ಪಟೆ ಕೂರುತ್ತದೆ, ಗಂಟು ಬರುವುದಿಲ್ಲ. ಮಿಷನ್ ಅಂಚಿನಿಂದ ಅಂಚಿಗೆ ಓಡುವುದರಿಂದ ಮಡಿಕೆಯೂ ಹೊಲಿಗೆಗೆ ಸಿಕ್ಕಿಬಿಡುತ್ತದೆ. ನೇರ ಚೌಕಕ್ಕೆ ಅದು ನಡೆಯುತ್ತದೆ. ನಕ್ಷತ್ರ, ಆರು ಮೂಲೆಯ ತುಂಡು ಅಂದಾಗ ಕೈಯೇ ಗೆಲ್ಲುತ್ತದೆ.

ಆರು ಮೂಲೆಯ ತುಂಡಿಗೆ ಕಾಗದದ ಉಪಾಯ ಇದೆ. ಹಳೆಯ ಲಗ್ನಪತ್ರಿಕೆಯನ್ನು ಆರು ಮೂಲೆಗೆ ಕತ್ತರಿಸಿ, ಅದರ ಮೇಲೆ ಬಟ್ಟೆ ಮಡಚಿ ಕಚ್ಚಾ ಹಾಕಿ, ಎರಡು ತುಂಡುಗಳ ಅಂಚಿಗೆ ಅಂಚು ಹಿಡಿದು ಸುತ್ತುಹೊಲಿಗೆ ಹಾಕುವುದು. ಸುತ್ತಲೂ ಜೋಡಿಸಿದ ಮೇಲೆ ಕಾಗದ ತೆಗೆಯಬಹುದು. ಇದು ಇಂಗ್ಲೆಂಡಿನ ಹೆಂಗಸರ ಹಳೆಯ ವಿದ್ಯೆ. 1718 ಅಂತ ಇಸವಿ ಹೊಲಿದ ರೇಷ್ಮೆಯ ತುಂಡು ಹೊದಿಕೆಯೊಂದು ಅಲ್ಲಿ ಇನ್ನೂ ಉಳಿದಿದೆ. ಅದನ್ನೂ ಕಾಗದದ ಮೇಲೆ ಮಡಚಿಯೇ ಜೋಡಿಸಿದ್ದಾರೆ.

ನಮ್ಮ ಕೌದಿಯ ರೀತಿ ಬೇರೆ. ಅದರಲ್ಲಿ ಜೋಡಿಸುವುದು, ಪದರ ಹೊಲಿಯುವುದು ಎರಡೂ ಒಂದೇ ಸಲ. ತಳಕ್ಕೆ ಸೀರೆ ಹಾಸಿ, ಒಂದು ಮೂಲೆಯಿಂದ ತುಂಡು ಇಟ್ಟು, ಅಂಚನ್ನು ಒಳಗೆ ಮಡಚಿ, ಎಲ್ಲ ಪದರಗಳಿಗೆ ಸೇರಿಸಿ ಹೊಲಿಯುತ್ತಾ ಅಂಚಿನಗುಂಟ ಸುತ್ತು ಬರುವುದು. ಸುತ್ತು ಚಿಕ್ಕದಾಗುತ್ತಾ ಆಗುತ್ತಾ ನಡುವಿಗೆ ಬಂದು ನಿಲ್ಲುತ್ತದೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ತಮ್ಮ ಕವಂದಿಯನ್ನು ಹೊಲಿಯುವುದೂ ಹೀಗೇ. ಅವರು ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಫುಲ (ಹೂವು) ಹಚ್ಚುತ್ತಾರೆ, ಅದಿಲ್ಲದೆ ಕವಂದಿ ಮುಗಿದಂತೆ ಅಲ್ಲ.

ಈ ರೀತಿಯನ್ನು ಮಿಷನ್ನಿನ ಮೇಲೆ ಮಾಡಲು ಹೋಗಿ ನಾನು ಸೋತಿದ್ದೇನೆ. ಬಿಡಿ ತುಂಡನ್ನು ಫುಟ್ ತಳ್ಳಿಕೊಂಡು ಹೋಗುತ್ತದೆ, ಪ್ರತಿ ಮೂಲೆಗೂ ಪೂರಾ ಕೌದಿಯನ್ನು ತಿರುಗಿಸಬೇಕು. ಕೈಯಲ್ಲಾದರೆ ಕೌದಿ ನೆಲದ ಮೇಲೆ ಇದ್ದಲ್ಲೇ ಇರುತ್ತದೆ, ನೀವು ಸುತ್ತ ಸರಿದು ಕೂರುತ್ತೀರಿ. ನಡುವೆ ಉಳಿದ ಕೊನೆಯ ಚೌಕವನ್ನು ಮುಚ್ಚುವ ಮೊದಲು ಅವ್ವ ಐದು ಕಾಳು ಜೋಳ ಇಡುತ್ತಿದ್ದಳು. “ಕೌದಿ ಹಸಗೊಂಡ ಇರಬಾರದು” ಅನ್ನುತ್ತಿದ್ದಳು. ನಾನೂ ಇಡುತ್ತೇನೆ.

ಸಲಕರಣೆ, ಒಗೆತ, ಬಾಳಿಕೆ

ಕೈಹೊಲಿಗೆಗೆ ಬೇಕಾದದ್ದು ಬಹಳ ಕಡಿಮೆ. ಪದರಕ್ಕೆ ಸ್ವಲ್ಪ ಉದ್ದದ ಗಟ್ಟಿ ಸೂಜಿ, ಚೌಕ ಜೋಡಿಸಲು ಸಣ್ಣ ಸೂಜಿ, ಅಂಗುಸ್ತಾನ, ಹರಿತವಾದ ಕತ್ತರಿ, ದಪ್ಪ ಹತ್ತಿ ದಾರ. ದಾರವನ್ನು ಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕು ಬೀಳುವುದಿಲ್ಲ. ಒಂದು ಕೈ ಉದ್ದಕ್ಕಿಂತ ಜಾಸ್ತಿ ದಾರ ಪೋಣಿಸಬೇಡಿ. ಐವತ್ತು ದಾಟಿದವರು ರಾತ್ರಿ ಲೈಟಿನಲ್ಲಿ ಕರಿ ಬಟ್ಟೆ ಹೊಲಿಯುವುದನ್ನು ಬಿಡಿ, ಹಗಲಿನಲ್ಲಿ ಬಾಗಿಲ ಹತ್ತಿರ ಕೂರಿ.

ಒಗೆದ ಮೇಲೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಕೈಹೊಲಿಗೆಯಲ್ಲಿ ದಾರ ಅರ್ಧ ಮೇಲೆ, ಅರ್ಧ ಕೆಳಗೆ ಇರುತ್ತದೆ, ನಡುವಿನ ಬಟ್ಟೆ ಸಡಿಲ. ಒಗೆದಷ್ಟೂ ಸಣ್ಣ ಅಲೆಗಳು ಎದ್ದು ಮೆತ್ತಗಾಗುತ್ತದೆ. ಮಿಷನ್ ಹೊಲಿಗೆ ಒತ್ತಾಗಿ ಕೂರುವುದರಿಂದ ಕೌದಿ ಸ್ವಲ್ಪ ಬಿರುಸು, ಮೈಗೆ ಸುತ್ತಿಕೊಳ್ಳುವುದಿಲ್ಲ. ಗಟ್ಟಿತನದಲ್ಲಿ ಮಾತ್ರ ಮಿಷನ್ ಮುಂದೆ. ಎರಡು ದಾರ ಸುತ್ತಿಕೊಂಡಿರುವುದರಿಂದ ಒಂದು ಕಡೆ ಕಡಿದರೂ ಸಾಲು ಬೇಗ ಬಿಚ್ಚುವುದಿಲ್ಲ. ಕೈಹೊಲಿಗೆ ಒಂದು ಕಡೆ ಕಡಿದರೆ ಸರಿದುಕೊಳ್ಳುತ್ತದೆ. ಅದಕ್ಕೆ ಗೇಣಿಗೊಂದು ಸಲ ಹಿಂದಕ್ಕೆ ಬಂದು ಅದೇ ಜಾಗದಲ್ಲಿ ಇನ್ನೊಂದು ಟಾಕಾ ಹಾಕಿ. ಆಗ ಕಡಿದರೂ ಅಷ್ಟು ಜಾಗದ್ದು ಮಾತ್ರ ಹೋಗುತ್ತದೆ, ಮತ್ತೆ ಹೊಲಿಯಬಹುದು.

ಎರಡನ್ನೂ ಹಿಂಡಬೇಡಿ. ನೆಂದ ಕೌದಿಯ ಭಾರ ಒಬ್ಬರ ಕೈಗೆ ಮೀರಿದ್ದು. ಗೋಡೆಯ ಮೇಲೆ ಅಡ್ಡ ಹಾಕಿ ನೀರು ತಾನೇ ಸೋರಲು ಬಿಡಿ, ಆಮೇಲೆ ಬಿಸಿಲಿಗೆ ಹರಡಿ.

ನಡುವಿನ ದಾರಿಗಳು

ಎಲ್ಲವನ್ನೂ ಒಂದೇ ರೀತಿ ಮಾಡಬೇಕು ಅಂತ ಏನಿಲ್ಲ ಅಲ್ವಾ? ಅಂಚಿನ ಗೋಟು ಬೇಗ ಸವೆಯುವ ಜಾಗ. ಅದಕ್ಕೆ ಹೊಸ ಗಟ್ಟಿ ಬಟ್ಟೆ ಹಾಕಿ ಮಿಷನ್ನಿನಲ್ಲೇ ಹೊಲಿಯಿರಿ. ನಾನು ಈಗೀಗ ಹಾಗೇ ಮಾಡುತ್ತೇನೆ. ಚೌಕಗಳನ್ನು ಮಿಷನ್ನಿನಲ್ಲಿ ಜೋಡಿಸಿ, ಪದರವನ್ನು ಕೈಯಲ್ಲಿ ಹೊಲಿಯುವವರೂ ಇದ್ದಾರೆ. ಸಮಯ ಅರ್ಧಕ್ಕೆ ಇಳಿಯುತ್ತದೆ, ಕೌದಿಯ ಮೆತ್ತಗಿನ ಗುಣ ಉಳಿಯುತ್ತದೆ. ತಿರುಗುಮುರುಗು ಮಾಡಬೇಡಿ. ಇಪ್ಪತ್ತು ತಾಸು ಕೂತು ಜೋಡಿಸಿದ ಮೇಲ್ಪದರವನ್ನು ಮಿಷನ್ನಿನ ಕೆಳಗೆ ಹಾಕಿ ನೆರಿಗೆ ಬಂದರೆ ಹೊಟ್ಟೆ ಉರಿಯುತ್ತದೆ.

ಹೊಲಿಯಲು ಆಗುವುದೇ ಇಲ್ಲ ಅನ್ನುವವರು ಕೌದಿ ಹೊಲಿಯುವ ಹೆಂಗಸರಿಗೆ ಕೊಡಬಹುದು. ಅವರು ಮನೆಗೇ ಬಂದು ಅಂಗಳದಲ್ಲಿ ಕೂತು ಹೊಲಿದು ಕೊಡುತ್ತಾರೆ. ಕೂಲಿ ಚೌಕಾಸಿ ಮಾಡಬೇಡಿ, ಇಪ್ಪತ್ತೈದು ತಾಸಿನ ಲೆಕ್ಕ ಮೇಲೆ ಹೇಳಿದ್ದೇನೆ. ಬರೀ ಬೆಚ್ಚಗಿನ ಹೊದಿಕೆ ಬೇಕು ಅಂದರೆ ನಮ್ಮೂರಿನದೇ ಸೊಲ್ಲಾಪುರಿ ಚಾದರ ಇದೆ, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದದ್ದು, ವರ್ಷಾನುಗಟ್ಟಲೆ ಬಾಳುತ್ತದೆ. ಕೌದಿಯನ್ನು ಸುಮ್ನೆ ಚಳಿಗೋಸ್ಕರ ಯಾರೂ ಹೊಲಿಯುವುದಿಲ್ಲ.

ಹಾಸ್ಟೆಲಿಗೆ ಹೋಗುವ ಮಗನಿಗೆ, ವಾರಕ್ಕೊಮ್ಮೆ ವಾಷಿಂಗ್ ಮಿಷನ್ನಿಗೆ ಬೀಳುವ ಹೊದಿಕೆಗೆ, ನಾಯಿ ಮಲಗುವ ಜಾಗಕ್ಕೆ ಮಿಷನ್ ಹೊಲಿಗೆ ಸರಿ. ಹುಟ್ಟಿದ ಕೂಸಿಗೆ ಕೈಹೊಲಿಗೆ. ಅದು ಚಿಕ್ಕದು, ಎರಡೇ ಪದರ, ನಾಲ್ಕು ದಿನದಲ್ಲಿ ಮುಗಿಯುತ್ತದೆ. ಮೊದಲ ಸಲ ಹೊಲಿಯುವವರು ಇದರಿಂದಲೇ ಶುರುಮಾಡಿ. ತೀರಿಕೊಂಡವರ ಬಟ್ಟೆಯಾದರೆ ನನ್ನ ಹತ್ತಿರ ಎರಡನೆಯ ಮಾತಿಲ್ಲ, ಕೈ.

ತಂಗಿ ಮಗಳಿಗೆ ಆರೂ ಸೀರೆಯ ಫೋಟೋ ಕಳಿಸು ಅಂದೆ. ಎರಡು ಪಾಲಿಯೆಸ್ಟರ್. ಅವನ್ನು ಮಿಷನ್ನಿನಲ್ಲಿ ಹೊಲಿದು ಜೋಕಾಲಿಯ ಮೇಲಿನ ಹಾಸು ಮಾಡು ಅಂದೆ. ಉಳಿದ ನಾಲ್ಕು ಹತ್ತಿ, ಅದರಲ್ಲಿ ಒಂದು ಅವಳ ಅವ್ವ ದಿನಾ ಉಡುತ್ತಿದ್ದ ಹಸಿರು. ಅದರ ನೆರಿಗೆಯ ಕಡೆ ಬಹಳ ಸವೆದಿದೆ, ಫೋಟೋದಲ್ಲೇ ಕಾಣುತ್ತದೆ. ಆ ಸೀರೆ ತಳಕ್ಕೆ ಬೇಡ, ಗಟ್ಟಿ ಇರುವಲ್ಲಿ ಕತ್ತರಿಸಿ ನಡುವಿನ ಚೌಕಕ್ಕೆ ಇಡೋಣ. ಬರುವ ಸೋಮವಾರ ಬರುತ್ತಾಳೆ. ನಾಲ್ಕನ್ನೂ ಒಗೆದು, ಇಸ್ತ್ರಿ ಮಾಡಿ ತಾ, ಸೂಜಿ ದಾರ ನನ್ನ ಹತ್ತಿರ ಇದೆ ಅಂದಿದ್ದೇನೆ.